ಪಾತಾಳದ ಕೊನೆಯ ಬಾಗಿಲು

"ಹುಷಾರು ಸರ್, ಹಿಂದೆ..." ಎಂದು ದರ್ಜಿ ಬಾಯಿ ತೆರೆಯುವಷ್ಟರಲ್ಲಿ, ಬೆಂಚಿನ ಇನ್ನೊಂದು ತುದಿ ಹಿಡಿದು ಹಿಮ್ಮುಖವಾಗಿ ನಡೆಯುತ್ತಿದ್ದ ಹಲ್ಲಿನ ಡಾಕ್ಟರು, "ಗೊತ್ತು, ಮೆಟ್ಟಿಲಿದೆ," ಎಂದು ಕಾಲೆತ್ತಿ ಸರಿಯಾಗಿ ಮೆಟ್ಟಿಲ ಮೇಲೆಯೇ ಇಟ್ಟರು.

ಪ್ಯಾಸೇಜಿನಲ್ಲಿ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಊರಿನವರ ಟಿ.ವಿ., ರೇಡಿಯೊ, ಇಸ್ತ್ರಿಪೆಟ್ಟಿಗೆಗಳನ್ನೆಲ್ಲ ಸರಿಮಾಡಿಕೊಟ್ಟ ರಿಪೇರಿಯಣ್ಣ ತನ್ನ ಮನೆಯ ಪ್ಯಾಸೇಜಿನ ಬಲ್ಬಿಗೆ ಮಾತ್ರ ಕೊನೆಯವರೆಗೂ ಕೈಹಾಕಿರಲಿಲ್ಲ. ಹೆಂಡತಿ ಕೇಳಿದಾಗಲೆಲ್ಲ "ನಾಳೆ ನೋಡ್ತೀನಿ" ಎನ್ನುತ್ತಿದ್ದ. ಈಗ ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು, ಯಾವ ನಾಳೆಯ ಗೊಡವೆಯೂ ಇಲ್ಲದೆ ಮಲಗಿದ್ದ. ಬಂದವರಿಗೆ ಕೂರಲು ಜಾಗ ಸಾಲದೆ, ಹಿಂದಿನ ಉಗ್ರಾಣದಲ್ಲಿದ್ದ ಬೆಂಚನ್ನು ಇವರಿಬ್ಬರು ಹೊತ್ತು ತರುತ್ತಿದ್ದರು.

"ಇನ್ನು ಬಲಗಡೆ ಬೀರು ತಗುಲುತ್ತೆ. ಸ್ವಲ್ಪ ಈ ಕಡೆ ಬನ್ನಿ," ಎಂದರು ಡಾಕ್ಟರು.

ದರ್ಜಿ ನಿಂತುಬಿಟ್ಟ. ಬೆಂಚೂ ನಿಂತಿತು. "ನಾವು ಬಂದಿದ್ದು ಹಿತ್ತಿಲ ಕಡೆಯಿಂದ. ಈ ಪ್ಯಾಸೇಜನ್ನ ನೀವು ನೋಡೇ ಇಲ್ಲ. ಮುಂಚೆ ಯಾವಾಗಾದ್ರೂ ಈ ಮನೆಗೆ ಬಂದಿದ್ರಾ?"

"ಇಲ್ಲ," ಎಂದರು ಡಾಕ್ಟರು. "ಆದ್ರೆ ಹನ್ನೆರಡು ವರ್ಷದ ಹುಡುಗ ಆಗಿದ್ದಾಗಿಂದ ಇಲ್ಲೇ ಓಡಾಡ್ತಿದ್ದೀನಿ."

ದರ್ಜಿಗೆ ತಲೆಬುಡ ತಿಳಿಯಲಿಲ್ಲ. ಬೆಂಚು ಮಾತ್ರ ಗೋಡೆಗೆ ಒಂದು ಗೀರೂ ಬೀಳದಂತೆ ಮೇಲೆ ಬಂತು.

ಮೆಟ್ಟಿಲ ತುದಿಯಲ್ಲಿ, ಹೋಗುವವರಿಗೂ ಬರುವವರಿಗೂ ಅಡ್ಡವಾಗಿ, ಸ್ಟೂಲು ಹಾಕಿಕೊಂಡು ದೊಡ್ಡಕ್ಕ ಕೂತಿದ್ದಳು. ಸತ್ತವನ ಅಕ್ಕ ಈಕೆ. ತಮ್ಮನ ಮದುವೆಗೂ ಮುಂಚಿನಿಂದ ಈಕೆಯ ಜಾಗ ಅದೇ. ಅಲ್ಲಿ ಕೂತರೆ ಮುಂಬಾಗಿಲೂ ಕಾಣುತ್ತದೆ, ಅಡುಗೆಮನೆಯೂ ಕಾಣುತ್ತದೆ, ಮನೆಯಲ್ಲಿ ನಡೆಯುವ ಯಾವುದೂ ತಪ್ಪಿಹೋಗುವುದಿಲ್ಲ. ಅತ್ತು ಅತ್ತು ಕಣ್ಣು ಊದಿಕೊಂಡಿದ್ದರೂ ಆಕೆ ಹೊಸಬನನ್ನು ಸುಮ್ಮನೆ ಬಿಡುವವಳಲ್ಲ.

"ಯಾರಪ್ಪಾ ನೀನು? ಎಲ್ಲಿಗೆ ಹೊರಟೆ? ಊಟ ಆಯ್ತಾ? ವಾಪಸ್ ಬರೋದು ಯಾವಾಗ?"

ಡಾಕ್ಟರು ಬೆಂಚನ್ನು ಕೆಳಗಿಟ್ಟರು. ಆಕೆಯ ಮುಖವನ್ನು ಎವೆಯಿಕ್ಕದೆ ನೋಡಿದರು. ಆಮೇಲೆ, ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗನಂತೆ, "ಕೆಳಗೆ ಹೋಗ್ತಿದ್ದೀನಿ. ಊಟ ಆಗಿಲ್ಲ. ದೀಪದ ಎಣ್ಣೆ ಮುಗಿಯೋದ್ರೊಳಗೆ ಬರ್ತೀನಿ," ಎಂದರು.

"ಇವನಿಗೇನಾಗಿದೆ?" ಎಂದು ದೊಡ್ಡಕ್ಕ ದರ್ಜಿಯನ್ನು ಕೇಳಿದಳು.

ಆಗಿದ್ದು ಇಷ್ಟು. ಮನೆಮನೆಗೆ ಕಂಪ್ಯೂಟರ್ ಎನ್ನುವುದು ಇನ್ನೂ ಹೊಸ ಮಾತಾಗಿದ್ದ ಕಾಲದಲ್ಲಿ, ಕಂಪ್ಯೂಟರನ್ನು ಟಿ.ವಿ.ಗೆ ಸಿಕ್ಕಿಸಿ ಆಡುವ 'ಪಾತಾಳದೀಪ' ಎಂಬ ಆಟವೊಂದು, ಹಾಡು ಕೇಳುವಂಥದೇ ಟೇಪ್ ಕ್ಯಾಸೆಟ್ಟಿನಲ್ಲಿ ಬಂದಿತ್ತು. ಆಡುವವನೇ ಅದರ ವೀರ. ಅವನಿಗೆ ಬಲ ಇಷ್ಟು, ಹಸಿವು ಇಷ್ಟು, ದೀಪದಲ್ಲಿ ಎಣ್ಣೆ ಇಷ್ಟು. ಕತ್ತಲೆಯಲ್ಲಿ ತಡವುತ್ತ, ಹಾವು ಬಾವಲಿಗಳೊಡನೆ ಕಾದಾಡುತ್ತ, ಕೊನೆಯ ಬಾಗಿಲನ್ನು ಮುಟ್ಟಬೇಕು. ಅಂಥ ಆಟಗಳಲ್ಲಿ ಅದು ತೀರಾ ಮೊದಲಿನದು ಎಂದು ಈಗ ತಿಳಿದವರು ಹೇಳುತ್ತಾರೆ. ಮಾಡಿದವರು ಯಾರೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕ್ಯಾಸೆಟ್ಟಿನ ಮೇಲೆ ಹೆಸರಿಲ್ಲ, ವಿಳಾಸವಿಲ್ಲ, ದೀಪದ ಒಂದು ಚಿತ್ರ ಅಷ್ಟೆ. ಹಗಲೆಲ್ಲ ಜನರ ಬಾಯಿಯೊಳಗೆ ಇಣುಕುವ ಈ ಡಾಕ್ಟರು, ಬಿಡುವು ಸಿಕ್ಕಾಗಲೆಲ್ಲ ಆ ಹೆಸರಿಲ್ಲದವನನ್ನು ಹುಡುಕುತ್ತಿದ್ದರು. ಅವರಂತೆ ತಲೆಕೆಡಿಸಿಕೊಂಡವರೆಲ್ಲ, ಆ ಚಿತ್ರ ಎಲ್ಲಿ ಅಚ್ಚಾಯಿತೆಂದು ಹಳೆಯ ಮುದ್ರಣಾಲಯಗಳನ್ನು ಜಾಲಾಡಿದರು. ಡಾಕ್ಟರು ಮಾತ್ರ ಕ್ಯಾಸೆಟ್ಟಿನ ಕಾಗದದ ಹೊದಿಕೆಯನ್ನು ತಿರುಗಿಸಿ ನೋಡಿದರು. ಅದನ್ನು ಅಂಟಿಸಿರಲಿಲ್ಲ, ಹೊಲಿದಿದ್ದರು. ಅಂಗಿಯ ಕಾಲರಿಗೆ ಹಾಕುವಂಥ ಜೋಡಿ ಹೊಲಿಗೆ. ಅಲ್ಲಿಂದ ಅವರು ಮುದ್ರಣಾಲಯಗಳನ್ನು ಬಿಟ್ಟು ದರ್ಜಿಗಳ ಬೆನ್ನುಹತ್ತಿದರು.

ಈ ದರ್ಜಿ ಸಿಕ್ಕಿದ್ದು ಕಳೆದ ವಾರ. "ಗೋಂದು ಹಚ್ಚಿದ್ರೆ ಇರುವೆ ಬರುತ್ತೆ ಅಂತ ನಾನೇ ಹೊಲಿದಿದ್ದು," ಎಂದು ಆತ ಹೆಮ್ಮೆಯಿಂದ ಒಪ್ಪಿಕೊಂಡು ಗೆಳೆಯನ ವಿಳಾಸ ಕೊಟ್ಟಿದ್ದ. ಡಾಕ್ಟರು ಫೋನು ಮಾಡಿದಾಗ ರಿಪೇರಿಯಣ್ಣ ತುಂಬಾ ಹೊತ್ತು ನಕ್ಕು, "ಬನ್ನಿ, ಕೂತು ಮಾತಾಡೋಣ" ಎಂದಿದ್ದ. ಡಾಕ್ಟರು ಕೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಹಿಂದಿನ ಸಂಜೆ ಕಾಫಿ ಕುಡಿಯುತ್ತ ಕೂತಿದ್ದ ಮನುಷ್ಯ ಲೋಟ ಕೆಳಗಿಟ್ಟು ಹಾಗೇ ಹೋಗಿಬಿಟ್ಟಿದ್ದ.

"ಆ ಆಟದಲ್ಲಿ ಮೆಟ್ಟಿಲ ಮೇಲೆ ಒಬ್ಬಳು ಅಜ್ಜಿ ಇದ್ದಾಳೆ," ಎಂದು ಡಾಕ್ಟರು ದೊಡ್ಡಕ್ಕನಿಗೆ ವಿವರಿಸಿದರು. "ಎಲ್ಲಿಗೆ ಹೊರಟೆ, ಊಟ ಆಯ್ತಾ, ಯಾವಾಗ ಬರ್ತೀಯ, ಇಷ್ಟು ಕೇಳದೆ ಯಾರನ್ನೂ ಕೆಳಗೆ ಬಿಡಲ್ಲ. ಸುಳ್ಳು ಹೇಳಿದ್ರೆ ಹಸಿವು ಜಾಸ್ತಿ ಮಾಡ್ತಾಳೆ. ನಿಜ ಹೇಳಿದ್ರೆ ರೊಟ್ಟಿ ಕೊಟ್ಟು ಕಳಿಸ್ತಾಳೆ."

ದೊಡ್ಡಕ್ಕನ ಹುಬ್ಬು ಮೇಲೇರಿತು. "ನನ್ನನ್ನ ಹಾವು, ಬಾವಲಿ ಜೊತೆ ಸೇರಿಸಿದ್ನಾ? ಎತ್ತಿ ಆಡಿಸಿದ ಅಕ್ಕನ್ನ?"

"ಸೇರಿಸಿಲ್ಲ ಅಮ್ಮಾ. ಹಾವನ್ನ ಕೊಲ್ಲಬಹುದು, ಬಾವಲೀನ ಕೊಲ್ಲಬಹುದು. ಅಜ್ಜೀನ ಯಾವ ಕತ್ತಿಯಿಂದ ಹೊಡೆದ್ರೂ ಏನೂ ಆಗಲ್ಲ. ನಾವೆಲ್ಲ ಪ್ರಯತ್ನಪಟ್ಟಿದ್ದೀವಿ."

ದೊಡ್ಡಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ. ಎರಡೂ ಇತ್ತೇನೋ. ಸ್ವಲ್ಪ ಹೊತ್ತಿನ ಮೇಲೆ ತನ್ನ ಕೆಳದವಡೆಯನ್ನು ಮುಟ್ಟಿಕೊಂಡು, "ನೀನು ಹಲ್ಲಿನ ಡಾಕ್ಟರಂತೆ. ಇದೊಂದು ಅಲ್ಲಾಡ್ತಿದೆ ನೋಡು," ಎಂದಳು. ಸಾವಿನ ಮನೆಯಲ್ಲಿ, ಮೆಟ್ಟಿಲ ತುದಿಯಲ್ಲಿ, ಡಾಕ್ಟರು ಆಕೆಯ ಹಲ್ಲು ನೋಡಿದರು.

ವ್ಯಾನು ಬಂತು. ಎಲ್ಲರೂ ಎದ್ದರು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಹೇಳುವ ಮಗಳು, ಊರಿಗೆಲ್ಲ ಕೇಳುವ ಗಂಟಲಿನವಳು. ಅಪ್ಪನ ಪಾದ ಹಿಡಿದುಕೊಂಡಾಗ ಅವಳ ಬಾಯಿಂದ ಒಂದು ಅಕ್ಷರವೂ ಹೊರಡಲಿಲ್ಲ. ಬೆಳಗಿನಿಂದ ಅತ್ತು ಗಂಟಲು ಪೂರಾ ಕಟ್ಟಿಹೋಗಿತ್ತು. ತಾಯಿ ಅವಳ ಬೆನ್ನು ಸವರುತ್ತ ನಿಂತಿದ್ದಳು. ಹೀಗೆ ಮಾತಿಲ್ಲದೆ ಇವಳು ತುಟಿಯಾಡಿಸುವುದನ್ನು ತಾಯಿ ಬಹಳ ಹಿಂದೆ ಒಮ್ಮೆ ನೋಡಿದ್ದಳು.

*

'ಪಾತಾಳದೀಪ' ಹುಟ್ಟಿದ ಆ ಕಂಪ್ಯೂಟರು ಮನೆಗೆ ಬಂದದ್ದೂ ರಿಪೇರಿಗೇ. ಊಟದ ತಟ್ಟೆಯಷ್ಟು ಅಗಲದ ಪೆಟ್ಟಿಗೆ. "ಸಂಜೆ ಬಂದು ತಗೊಂಡು ಹೋಗ್ತೀನಿ" ಎಂದವನು ಮತ್ತೆ ಇತ್ತ ತಲೆಹಾಕಲಿಲ್ಲ. ರಿಪೇರಿಯಣ್ಣ ವರ್ಷ ತುಂಬುವವರೆಗೆ ಕಾದ. ಆಮೇಲೆ ಅದರ ಧೂಳು ಒರೆಸಿ, ಪ್ಯಾಸೇಜಿನ ಕೊನೆಯಲ್ಲಿ, ಮಗಳು ಮಲಗುವ ಕೋಣೆಯ ಬಾಗಿಲ ಪಕ್ಕ, ಒಂದು ಮೇಜಿನ ಮೇಲೆ ಹಳೆಯ ಟಿ.ವಿ. ಜೊತೆ ಇಟ್ಟುಕೊಂಡ.

"ಇದು ಏನು ಮಾಡುತ್ತೆ?" ಎಂದು ಹೆಂಡತಿ ಕೇಳಿದಳು.

"ನಾನು ಹೇಳಿದ್ದನ್ನ ಮಾಡುತ್ತೆ."

"ಸದ್ಯ. ಈ ಮನೇಲಿ ನಿಮ್ಮ ಮಾತು ಕೇಳೋರು ಒಬ್ಬರಾದ್ರೂ ಸಿಕ್ಕಿದ್ರಲ್ಲ."

ಅವನು ನಕ್ಕ. ಆ ದಿನಗಳಲ್ಲಿ ಮನೆಯಲ್ಲಿ ನಗು ಅಪರೂಪವಾಗಿತ್ತು. ಮಗಳಿಗೆ ಮೂರು ತುಂಬಿ ನಾಲ್ಕು ನಡೆಯುತ್ತಿತ್ತು, ಒಂದು ಮಾತೂ ಬಂದಿರಲಿಲ್ಲ. ಕಿವಿ ಸರಿಯಿದೆ, ನಾಲಿಗೆ ಸರಿಯಿದೆ, ಕಾಯಿರಿ ಎಂದು ವೈದ್ಯರು ಹೇಳಿದ್ದರು. ಕಾಯುವುದೆಂದರೆ ಏನೆಂದು ಹೇಳಿದವರಿಗೇನು ಗೊತ್ತು? ಅಂಗಡಿ ಮುಚ್ಚಿ ಬಂದ ರಿಪೇರಿಯಣ್ಣ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೀಲಿಮಣೆ ಒತ್ತುತ್ತ ಆಟ ಬರೆಯುತ್ತಿದ್ದ. ಅವಳು ಟಿ.ವಿ. ಪರದೆಯನ್ನೇ ನೋಡುತ್ತಿದ್ದಳು. "ಹಾವು ಬಂತು, ಈಗ ಅಪ್ಪ ಓಡಬೇಕು," ಎಂದು ಅವನು ಒಂದೊಂದನ್ನೂ ಬಾಯಿಬಿಟ್ಟು ಹೇಳುತ್ತಿದ್ದ. ಉತ್ತರ ಬರುತ್ತಿರಲಿಲ್ಲ. ಆದರೂ ಹೇಳುತ್ತಿದ್ದ.

ಹೊಸ ಪಾತಾಳವನ್ನು ಕಲ್ಪಿಸುವ ಶಕ್ತಿ ತನಗಿಲ್ಲ ಎಂದು ಅವನಿಗೆ ಗೊತ್ತಿತ್ತು. ಕಣ್ಣು ಮುಚ್ಚಿ ನಡೆಯಬಲ್ಲ ಜಾಗ ಒಂದೇ, ಬಲ್ಬಿಲ್ಲದ ತನ್ನ ಮನೆ. ಅದನ್ನೇ ಆಟದೊಳಗೆ ಇಳಿಸಿದ. ಬೀರು ಇದ್ದಲ್ಲಿ ಕಲ್ಲಿನ ಕಂಬ ಬಂತು, ಉಗ್ರಾಣ ಬಾವಲಿಗಳ ಗುಹೆಯಾಯಿತು, ಮಗಳ ಕೋಣೆಯ ಬಾಗಿಲು ಕೊನೆಯ ಬಾಗಿಲಾಯಿತು.

ಆ ಬಾಗಿಲಿನಾಚೆಯದು ಎರಡನೆಯ ಭಾಗ, ಎರಡನೆಯ ಕ್ಯಾಸೆಟ್ಟು. ಅದಕ್ಕಾಗಿ ಅವನು ಮೊದಲನೆಯದರ ಎರಡರಷ್ಟು ಒದ್ದಾಡಿದ. ಅದರೊಳಗೆ ಏನಿದೆ ಎಂದು ದರ್ಜಿ ಕೇಳಿದರೆ, "ನೀನು ಮೊದಲನೇ ಹಾವಿಗೇ ಸಾಯೋನು, ನಿನಗ್ಯಾಕೆ? ಬಟ್ಟೆ ಹೊಲಿ," ಎನ್ನುತ್ತಿದ್ದ.

*

ಅಂತ್ಯಕ್ರಿಯೆ ಮುಗಿಸಿ ಎಲ್ಲರೂ ಹಿಂದಿರುಗಿದಾಗ ಮಧ್ಯಾಹ್ನ ದಾಟಿತ್ತು. ಮಗಳನ್ನು ಬಲವಂತವಾಗಿ ಅವಳ ಹಳೆಯ ಕೋಣೆಯಲ್ಲಿ ಮಲಗಿಸಿದರು. ನೆಂಟರು ಒಬ್ಬೊಬ್ಬರಾಗಿ ಹೊರಟರು. ಡಾಕ್ಟರು ಹೋಗಬೇಕೆಂದು ಎದ್ದು ಬೂಟು ಹಾಕಿಕೊಂಡವರು, ಹೋಗಲಾರದೆ ಹಿತ್ತಿಲ ಕಡೆಯಿಂದ ಪ್ಯಾಸೇಜಿನ ಕೆಳಗೆ ಬಂದು ಆ ಮೇಜಿನ ಮುಂದೆ ನಿಂತಿದ್ದರು. ರಿಪೇರಿಯಣ್ಣನ ಹೆಂಡತಿ ಮೇಜಿನ ಮೇಲಿನ ಸಣ್ಣ ದೀಪ ಹಾಕಿ, ಅವರಿಗೆ ಕಾಫಿ ತಂದುಕೊಟ್ಟಳು. ಆಕೆಗೂ ಯಾಕೋ ಈ ಹೊಸಬನ ಜೊತೆ ಕೂರಬೇಕೆನಿಸಿತ್ತು. ಉಳಿದವರೆಲ್ಲ ಸಮಾಧಾನ ಹೇಳುತ್ತಿದ್ದರು. ಇವರು ಹೇಳುತ್ತಿರಲಿಲ್ಲ.

"ಅಮ್ಮಾ, ಕೇಳಬಾರದ ದಿನ ಕೇಳ್ತಿದ್ದೀನಿ," ಎಂದರು ಡಾಕ್ಟರು. "ಎರಡನೇ ಭಾಗ ಅಂತ ಒಂದಿತ್ತಾ? ಮೊದಮೊದಲು ಮಾರಿದ ಕ್ಯಾಸೆಟ್ಟಲ್ಲಿ ಕೊನೇ ಬಾಗಿಲು ಮುಟ್ಟಿದ್ರೆ, 'ಎರಡನೆಯ ಕ್ಯಾಸೆಟ್ ಹಾಕು' ಅಂತ ಬರುತ್ತೆ. ಆಮೇಲಿನದರಲ್ಲಿ ಅದು ಇಲ್ಲ."

ಆಕೆ ಮೇಜಿನ ಅಂಚನ್ನು ಸೆರಗಿನಿಂದ ಒರೆಸಿದಳು. "ಇತ್ತು," ಎಂದಳು. "ನನ್ನಿಂದ ಹೋಯ್ತು."

*

ಅದು ಒಂದು ಸಂಜೆ. ಎರಡನೆಯ ಭಾಗ ಆ ದಿನವೇ ಮುಗಿದಿತ್ತು. ಅದನ್ನು ಪಕ್ಕದ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ಟಿಗೆ ಇಳಿಸಿ, ಆರಿಸಿದರೆ ಏನನ್ನೂ ನೆನಪಿಡದ ಆ ಕಂಪ್ಯೂಟರನ್ನು ಆರಿಸಿ, ರಿಪೇರಿಯಣ್ಣ ಮೇಜಿನ ಮುಂದೆ ಕೂತು ಬೆರಳಿನ ಸುಟ್ಟಗಾಯಕ್ಕೆ ಪ್ಲಾಸ್ಟರ್ ಪಟ್ಟಿ ಸುತ್ತಿಕೊಳ್ಳುತ್ತಿದ್ದ. ಮನೆಯಲ್ಲಿದ್ದ ಖಾಲಿ ಕ್ಯಾಸೆಟ್ಟುಗಳೆಲ್ಲ ಮೊದಲ ಭಾಗದ ಪ್ರತಿ ಮಾಡಲು ದರ್ಜಿಯ ಅಂಗಡಿಗೆ ಹೋಗಿದ್ದವು. ಮಗಳನ್ನು ಮಲಗಿಸಿ ಬಂದ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗಿನಿಂದ ಸಣ್ಣ ದನಿ ಬರುತ್ತಿತ್ತು. ಮಗು ದಿಂಬಿನ ಜೊತೆ ಮಾತಾಡುತ್ತಿತ್ತು.

"ದೀಪ. ಅಪ್ಪನ ದೀಪ. ಹಾವು ಬಂತು. ಅಪ್ಪ ಓಡು."

"ರೀ," ಎಂದಳು ಆಕೆ, ತಿರುಗಿ ನೋಡದೆ, ಉಸಿರಲ್ಲೇ. "ರೀ, ಮಾತಾಡ್ತಿದೆ. ರೆಕಾರ್ಡ್ ಮಾಡ್ಕೊಳ್ರೀ. ನಾಳೆ ಮತ್ತೆ ನಿಂತುಹೋದ್ರೆ? ಬೇಗ ರೀ."

ಅವನು ಬರಲಿಲ್ಲ. ಬೆನ್ನ ಹಿಂದೆ ಏನೋ ಸರಪರ ಸದ್ದು. "ಎಷ್ಟು ಹೊತ್ತು ರೀ! ಮಗು ಮಲಗಿಬಿಡುತ್ತೆ," ಎಂದು ಆಕೆ ಇನ್ನೊಮ್ಮೆ ಗದರಿದಳು. ಆಮೇಲೆ ಅವನು ಟೇಪ್ ರೆಕಾರ್ಡರನ್ನು ಎದೆಗವಚಿಕೊಂಡು ಬಂದು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತ. ಮಗು ನಿದ್ದೆಹೋಗುವವರೆಗೂ ಇಬ್ಬರೂ ಅಲ್ಲಾಡಲಿಲ್ಲ. ಅವನ ಕೆನ್ನೆ ಒದ್ದೆಯಾಗಿತ್ತು.

*

"ಎರಡನೇ ಭಾಗ ಇದ್ದ ಕ್ಯಾಸೆಟ್ಟಿಗೇ ಮಗು ಮಾತು ಹಾಕಿದ್ರು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ದರ್ಜಿ ಹೇಳಿದ," ಎಂದಳು ಆಕೆ. "ಅವರು ಒಂದು ಮಾತೂ ಆಡಲಿಲ್ಲ. ನಾನು ಹಂಗೆ ಅವಸರ ಮಾಡಿದ್ದಕ್ಕೇ ಗಾಬರೀಲಿ ಯಂತ್ರದೊಳಗಿದ್ದ ಕ್ಯಾಸೆಟ್ಟಿಗೇ ಒತ್ತಿಬಿಟ್ರೇನೋ. ಅಷ್ಟು ದಿನದ ಕೆಲಸ. 'ಮತ್ತೆ ಬರೀರಿ' ಅಂದೆ. 'ಇವಳು ಮಾತು ನಿಲ್ಲಿಸಿದ್ರೆ ತಾನೇ' ಅಂತ ನಕ್ಕುಬಿಟ್ರು. ನಿಜಾನೇ, ಆಮೇಲೆ ಅವಳು ಬಾಯಿ ಮುಚ್ಚಲೇ ಇಲ್ಲ. ಬಸ್ ಸ್ಟ್ಯಾಂಡಲ್ಲಿ ಕೆಲಸ ಸಿಕ್ಕಿದ ಮೇಲೆ, ಯಾವ ಬಸ್ಸಿಗೂ ಹೋಗೋದಿಲ್ಲದೆ ಇವರು ಅಲ್ಲಿ ಬೆಂಚಿನ ಮೇಲೆ ಕೂತಿರ್ತಿದ್ರು, ಅವಳು ಹೇಳೋದು ಕೇಳ್ತಾ." ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆದ್ರೆ ಇನ್ನೊಂದು ಆಟ ಮಾಡಲಿಲ್ಲ. ಒಳಗೊಳಗೇ ನೊಂದ್ಕೊಂಡ್ರಾ? ಕೇಳೋಕೆ ನನಗೆ ಧೈರ್ಯ ಬರಲಿಲ್ಲ. ಇನ್ನು ಯಾರನ್ನ ಕೇಳಲಿ?"

ಡಾಕ್ಟರು ಕಾಫಿ ಲೋಟವನ್ನು ಮರೆತೇಬಿಟ್ಟಿದ್ದರು. "ಆ ಕ್ಯಾಸೆಟ್ಟು ಇದೆಯಾ?"

ಇತ್ತು. ಮೇಜಿನ ಖಾನೆಯಲ್ಲಿ, ಕೈವಸ್ತ್ರದಲ್ಲಿ ಸುತ್ತಿಟ್ಟಿತ್ತು. ಡಾಕ್ಟರು ಅದನ್ನು ದೀಪದ ಕೆಳಗೆ ಹಿಡಿದು, ರೋಗಿಯ ಬಾಯಿ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು.

"ಅಮ್ಮಾ, ಇಲ್ಲಿ ನೋಡಿ. ಕ್ಯಾಸೆಟ್ಟಿನ ಬೆನ್ನಿನ ಮೇಲೆ ಹಲ್ಲಿನಂಥ ಒಂದು ಚೂರು ಇರುತ್ತೆ. ಒಳಗಿರೋದು ಅಳಿಸಬಾರದು ಅಂದ್ರೆ ಅದನ್ನ ಮುರಿದುಬಿಡ್ತಾರೆ. ಮುರಿದ ಮೇಲೆ ರೆಕಾರ್ಡ್ ಗುಂಡಿ ಏನು ಮಾಡಿದ್ರೂ ಕೆಳಗಿಳಿಯಲ್ಲ. ಅವರು ಇದನ್ನ ಮುರಿದಿಟ್ಟಿದ್ರು. ಕೆಲಸ ಮುಗಿದ ತಕ್ಷಣ, ಜೋಪಾನವಾಗಿ."

"ಮತ್ತೆ ರೆಕಾರ್ಡ್ ಹೇಗಾಯ್ತು?"

"ಆ ತೂತು ಮುಚ್ಚಿದ್ರೆ ಆಗುತ್ತೆ." ಅವರು ಬೆರಳಿಟ್ಟು ತೋರಿಸಿದರು. ಮುರಿದ ಜಾಗದ ಮೇಲೆ ಕಂದಿದ ಬಣ್ಣದ ಒಂದು ಪಟ್ಟಿ ಅಂಟಿತ್ತು. ಅಂಚಿನಲ್ಲಿ ಒಂದಿಷ್ಟು ಹಳೆಯ ಹತ್ತಿ.

ಆಕೆ ಅದನ್ನು ಮುಟ್ಟಿದಳು. ಬೆರಳಿಗೆ ಸುತ್ತುವ ಪ್ಲಾಸ್ಟರ್ ಪಟ್ಟಿ. ಆ ಸಂಜೆಯ ಮಾರನೆಯ ಬೆಳಿಗ್ಗೆ, ಗಂಡ ಗಾಯ ಹಾಗೇ ಬಿಟ್ಟುಕೊಂಡಿದ್ದನ್ನು ನೋಡಿ, "ಪಟ್ಟಿ ಎಲ್ರೀ?" ಎಂದು ಆಕೆ ಕೇಳಿದ್ದಳು. "ಎಲ್ಲೋ ಬಿದ್ದುಹೋಯ್ತು," ಎಂದಿದ್ದ.

"ಗಾಬರೀಲಿ ಆಗಿದ್ದಲ್ಲ ಇದು," ಎಂದರು ಡಾಕ್ಟರು. "ಗಾಬರೀಲಿ ಒತ್ತಿದ್ರೆ ಗುಂಡಿ ಇಳೀತಾನೇ ಇರಲಿಲ್ಲ. ಕ್ಯಾಸೆಟ್ಟು ಆಚೆ ತೆಗೆದಿದ್ದಾರೆ. ಇದು ಯಾವುದು ಅಂತ ಗೊತ್ತಿದ್ದೇ, ಕೈಯಲ್ಲಿದ್ದ ಪಟ್ಟಿ ಬಿಚ್ಚಿ ಅಂಟಿಸಿ, ವಾಪಸ್ ಹಾಕಿ ಒತ್ತಿದ್ದಾರೆ. ನೀವು 'ಎಷ್ಟು ಹೊತ್ತು' ಅಂತ ಬೈದ್ರಲ್ಲ, ಆ ಹೊತ್ತು ಅದಕ್ಕೇ ಹೋಗಿದ್ದು."

ಆಕೆಯ ಬೆರಳು ಆ ಪಟ್ಟಿಯ ಮೇಲೆಯೇ ಇತ್ತು.

"ಅವರು ನೊಂದುಕೊಂಡ್ರಾ ಅಂತ ಕೇಳಿದ್ರಿ," ಎಂದರು ಡಾಕ್ಟರು. "ಆಮೇಲಿನ ಕ್ಯಾಸೆಟ್ಟುಗಳಲ್ಲಿ ಕೊನೇ ಬಾಗಿಲು ಮುಟ್ಟಿದಾಗ ಏನು ಬರುತ್ತೆ ಅಂತ ನಿಮಗೆ ಯಾರೂ ಹೇಳಿಲ್ವಾ?"

"ನಾನೆಲ್ಲಿ ಆಡಿದ್ದೆ? ದರ್ಜಿನೂ ಅಲ್ಲೀವರೆಗೆ ಹೋದೋನಲ್ಲ."

ಡಾಕ್ಟರು ಪಕ್ಕದ ಮುಚ್ಚಿದ ಬಾಗಿಲ ಕಡೆ ನೋಡಿದರು. ಹುಡುಗನಾಗಿದ್ದಾಗ ಇಡೀ ಬೇಸಿಗೆ ರಜೆ ಆಡಿ ಅಲ್ಲಿಗೆ ಮುಟ್ಟಿದಾಗ ನಿಧಿಯಿಲ್ಲ, ರಾಜಕುಮಾರಿಯಿಲ್ಲ ಎಂದು ಅವರು ಸಿಟ್ಟಿನಿಂದ ಅತ್ತಿದ್ದರು. ದೊಡ್ಡವರಾದ ಮೇಲೆ ಅದರ ಅರ್ಥವೇನೆಂದು ಬಲ್ಲವರ ಜೊತೆ ಜಗಳವಾಡಿದ್ದರು. ಒಬ್ಬರು ಅದು ಒಗಟು ಎಂದರು, ಇನ್ನೊಬ್ಬರು ಬರೆದವನ ಕೈತಪ್ಪು ಎಂದರು. ಈಗ ಅದನ್ನು ಹೇಳಬೇಕಾದವರ ಮುಂದೆಯೇ ಹೇಳಿದರು:

"ಒಳಗೆ ಮಗು ಮಲಗಿದೆ. ಸದ್ದು ಮಾಡದೆ ಹಿಂದಿರುಗು. ನೀನು ಗೆದ್ದೆ."

ಆಕೆ ಎರಡೂ ಕೈಯಲ್ಲಿ ಕ್ಯಾಸೆಟ್ಟನ್ನು ಮುಚ್ಚಿ ಹಿಡಿದುಕೊಂಡಳು. ಬೆಳಗಿನಿಂದ ಬಂದವರ ಮುಂದೆ ಅತ್ತದ್ದೇ ಬೇರೆ, ಈಗ ಅತ್ತದ್ದೇ ಬೇರೆ. ಟೇಪಿನ ಕೊನೆಯಲ್ಲಿ, ಮಗುವಿನ ದನಿ ಮುಗಿದಲ್ಲಿಂದಾಚೆಗೆ, ಎರಡನೆಯ ಭಾಗದ ಬಾಲ ಒಂದಿಷ್ಟು ಉಳಿದಿರಬಹುದು ಎಂಬ ಯೋಚನೆ ಡಾಕ್ಟರಿಗೆ ಬಾರದೆ ಇರಲಿಲ್ಲ. ಆಕೆ ಕೂಡ ಅದನ್ನೇ ಊಹಿಸಿದಳೇನೋ, ಕಣ್ಣೊರೆಸಿಕೊಂಡು ಕ್ಯಾಸೆಟ್ಟನ್ನು ಅವರ ಕಡೆ ಚಾಚಿದಳು. "ನಿಮಗೆ ಬೇಕಿದ್ರೆ ತಗೊಂಡು ಹೋಗಿ."

ಡಾಕ್ಟರು ಅದನ್ನು ತೆಗೆದುಕೊಂಡರು. ಮತ್ತೆ ಕೈವಸ್ತ್ರದಲ್ಲಿ ಸುತ್ತಿ ಖಾನೆಯೊಳಗೆ ಇಟ್ಟರು. "ಆಟ ಮುಗಿದಿದೆ ಅಮ್ಮಾ," ಎಂದರು. "ಅವರೇ ಮುಗಿಸಿದ್ದಾರೆ."

"ಅಷ್ಟು ದೂರದಿಂದ ಬಂದಿದ್ದೀರಿ," ಎಂದು ಆಕೆ ಎದ್ದಳು. "ಒಳಗೆ ಏನಿದೆ ಅಂತಾದ್ರೂ ನೋಡ್ಕೊಂಡು ಹೋಗಿ."

ಆಕೆ ಕೊನೆಯ ಬಾಗಿಲನ್ನು ಒಂದು ಗೇಣಿನಷ್ಟು ತೆರೆದಳು. ಕಿಟಕಿಯ ಬೆಳಕಲ್ಲಿ, ಈಗ ಚಿಕ್ಕದಾಗಿಹೋಗಿದ್ದ ಮಂಚದ ಮೇಲೆ, ಮಗಳು ಕಾಲು ಮಡಚಿಕೊಂಡು ನಿದ್ದೆಹೋಗಿದ್ದಳು. ಕೂದಲಲ್ಲಿ ನರೆ ಇತ್ತು. ಬಾಯಿ ಸ್ವಲ್ಪ ತೆರೆದಿತ್ತು. ತಾಯಿ ತುಟಿಯ ಮೇಲೆ ಬೆರಳಿಟ್ಟಳು.

ಡಾಕ್ಟರು ಬಗ್ಗಿ ಬೂಟು ಬಿಚ್ಚಿದರು. ಅವನ್ನು ಕೈಯಲ್ಲಿ ಹಿಡಿದು, ಬೀರುವಿಗೆ ತಗುಲದೆ, ತುದಿಗಾಲಲ್ಲಿ ಕತ್ತಲೆಯ ಮೆಟ್ಟಿಲು ಹತ್ತಿದರು. ಮೇಲೆ ಸ್ಟೂಲಿನ ಮೇಲೆ ಕೂತಿದ್ದ ದೊಡ್ಡಕ್ಕ, "ಎಲ್ಲಿಗೆ..." ಎಂದು ಬಾಯಿ ತೆರೆದವಳು, ಅವರ ಕೈಯಲ್ಲಿದ್ದ ಬೂಟು ನೋಡಿದಳು, ಕೆಳಗೆ ಬಾಗಿಲ ಬಳಿ ತುಟಿಗೆ ಬೆರಳಿಟ್ಟು ನಿಂತಿದ್ದ ತಮ್ಮನ ಹೆಂಡತಿಯನ್ನು ನೋಡಿದಳು. ಏನೂ ಕೇಳಲಿಲ್ಲ. ಎದ್ದು, ಸ್ಟೂಲನ್ನು ಸದ್ದಾಗದ ಹಾಗೆ ಎತ್ತಿ ಗೋಡೆಯ ಪಕ್ಕಕ್ಕಿಟ್ಟು, ದಾರಿ ಬಿಟ್ಟಳು.